ಹೆಸರಿನಲ್ಲಿ ಉಳಿದುಕೊಂಡ ತಪ್ಪು

ಕಳೆದ ದೀಪಾವಳಿಗೆ ಮುಂಚೆ, ಬಚ್ಚಲುಮನೆಯ ನೆಲ ಉಜ್ಜುವುದಕ್ಕೆಂದು ಒಂದು ಬಾಟಲಿ ಆಸಿಡ್ ತರಲು ಪೇಟೆಬೀದಿಯ ಅಂಗಡಿಗೆ ಹೋಗಿದ್ದೆ. ಬಣ್ಣ, ಮೊಳೆ, ಹಗ್ಗ, ಸುಣ್ಣ ಎಲ್ಲವನ್ನೂ ಮಾರುವ ಅಂಗಡಿ ಅದು. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದಾತ ನನ್ನನ್ನು ಕಂಡೊಡನೆ ಎದ್ದು ನಿಂತು ನಮಸ್ಕಾರ ಮಾಡಿದ. ಮೂವತ್ತೈದು ವರ್ಷಗಳ ಹಿಂದೆ ಹೈಸ್ಕೂಲಿನಲ್ಲಿ ನನ್ನ ಕೈಕೆಳಗೆ ಓದಿದವನಂತೆ. ನನಗೆ ಗುರುತು ಹತ್ತಲಿಲ್ಲ, ಹತ್ತಿತೆಂದು ನಟಿಸಿದೆ. ಮೇಷ್ಟರಾಗಿದ್ದವರೆಲ್ಲರಿಗೂ ಈ ವಿದ್ಯೆ ಗೊತ್ತು.

ಬಾಟಲಿಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತುತ್ತ ಅವನೆಂದ: "ಸಾರ್, ಇದರಲ್ಲಿ ಆಮ್ಲಜನಕ ಎಲ್ಲಿದೆ ಅಂತ ನಾನೊಂದು ದಿನ ಕ್ಲಾಸಿನಲ್ಲಿ ಕೇಳಿದ್ದೆ. ನೀವು ಪೀರಿಯಡ್ ಮುಗಿಯೋವರೆಗೂ ಬೆಂಚಿನ ಮೇಲೆ ನಿಲ್ಲಿಸಿದ್ರಿ."

"ಹೌದೇನಪ್ಪಾ?" ಎಂದೆ.

"ಹೌದು ಸಾರ್. ಉತ್ತರ ಮಾತ್ರ ಇನ್ನೂ ಬಂದಿಲ್ಲ" ಎಂದು ನಕ್ಕ. ಅವನ ನಗೆಯಲ್ಲಿ ಕಹಿಯೇನೂ ಇರಲಿಲ್ಲ. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಕೈಯಲ್ಲಿದ್ದ ಆ ಪೊಟ್ಟಣ ಇರಬೇಕಾದುದಕ್ಕಿಂತ ಭಾರವಾಗಿ ತೋರಿತು.

ಏನು ನಡೆದಿರಬಹುದೆಂದು ಊಹಿಸುವುದು ಕಷ್ಟವಲ್ಲ. ಪ್ರತಿ ವರ್ಷವೂ ನಾನು ಒಂದು ವಾಕ್ಯವನ್ನು ಹೇಳಿ ಬರೆಸುತ್ತಿದ್ದೆ: "ಆಮ್ಲಗಳನ್ನು ಉಂಟುಮಾಡುವುದರಿಂದ ಇದಕ್ಕೆ ಆಮ್ಲಜನಕ ಎಂದು ಹೆಸರು." ಒಂದೆರಡು ವಾರಗಳ ನಂತರ ಹೈಡ್ರೋಕ್ಲೋರಿಕ್ ಆಮ್ಲದ ಪಾಠ. ಅದರಲ್ಲಿರುವುದು ಜಲಜನಕದ ಒಂದು ಪರಮಾಣು, ಕ್ಲೋರಿನ್ನಿನ ಒಂದು ಪರಮಾಣು, ಅಷ್ಟೆ. ನಲವತ್ತು ಹುಡುಗರಲ್ಲಿ ಒಬ್ಬ ಆ ಪುಟವನ್ನೂ ಈ ಪುಟವನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದ. ಆಮ್ಲವನ್ನು ಹುಟ್ಟಿಸುವ ಜನಕನೇ ಇಲ್ಲದೆ ಆಮ್ಲ ಹುಟ್ಟಿದ್ದು ಹೇಗೆ ಎಂದು ಕೇಳಿದ. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲದ ಮೇಷ್ಟರು ಏನು ಮಾಡುತ್ತಾರೋ ಅದನ್ನೇ ಮಾಡಿದೆ.

ಅವನಿಗೆ ಅಂದು ಹೇಳಬೇಕಾಗಿದ್ದ ಕಥೆ ಇದು.

ಆಮ್ಲಜನಕವೆಂಬ ನಮ್ಮ ಮಾತು ನಮ್ಮದಲ್ಲ, ಫ್ರಾನ್ಸಿನಿಂದ ಬಂದದ್ದು. ಗ್ರೀಕ್ ಭಾಷೆಯಲ್ಲಿ 'ಆಕ್ಸಿಸ್' ಎಂದರೆ ಹುಳಿ, ಚುರುಕು. 'ಜೆನ್' ಎಂಬುದು ಹುಟ್ಟಿಸುವುದಕ್ಕೆ ಸಂಬಂಧಪಟ್ಟ ಧಾತು. ಇವೆರಡನ್ನು ಕೂಡಿಸಿ 'ಆಕ್ಸಿಜನ್' ಎಂಬ ಪದವನ್ನು ಕಟ್ಟಿದವನು ಆಂಟ್ವಾನ್ ಲವಾಸಿಯೆ. ಅವನ ಗ್ರೀಕನ್ನು ನಮ್ಮ ಹಿರಿಯರು ಸಂಸ್ಕೃತಕ್ಕೆ ತಿರುಗಿಸಿ ಕನ್ನಡಕ್ಕೆ ತಂದರು. ಜರ್ಮನರು 'ಜವರ್‌ಸ್ಟಾಫ್' ಎಂದು ಕರೆದರು, ರಷ್ಯನ್ನರು 'ಕಿಸ್ಲೊರೋದ್' ಎಂದರು, ಜಪಾನೀಯರು 'ಸಾನ್ಸೊ' ಎಂದರು. ಎಲ್ಲದರ ಒಳಗೂ ಹುಳಿಯೇ ಇದೆ. ನೆರೆಯ ತೆಲುಗರದು 'ಆಮ್ಲಜನಿ'. ಒಬ್ಬ ಮನುಷ್ಯನ ಒಂದು ತಪ್ಪು ಎಣೆ ಇಲ್ಲದಷ್ಟು ಚೆನ್ನಾಗಿ ಭಾಷಾಂತರವಾಯಿತು.

ಲವಾಸಿಯೆ ಹುಟ್ಟಿದ್ದು 1743ರಲ್ಲಿ, ಪ್ಯಾರಿಸಿನಲ್ಲಿ. ಓದಿದ್ದು ಕಾನೂನು. ಹೊಟ್ಟೆಪಾಡಿಗೆ, ಅಥವಾ ಹೊಟ್ಟೆಪಾಡಿಗಿಂತ ಬಹಳ ಹೆಚ್ಚಿನದಕ್ಕೆ, ರಾಜನ ಪರವಾಗಿ ತೆರಿಗೆ ವಸೂಲು ಮಾಡುವ ಗುತ್ತಿಗೆದಾರರ ಸಂಸ್ಥೆಯಲ್ಲಿ ಪಾಲು ಕೊಂಡಿದ್ದ. ಬೆಳಗಿನ ಮೂರು ಗಂಟೆ, ರಾತ್ರಿಯ ಮೂರು ಗಂಟೆ, ವಾರದಲ್ಲಿ ಒಂದು ಪೂರ್ತಿ ದಿನ ರಸಾಯನಶಾಸ್ತ್ರಕ್ಕೆ. ಉಳಿದ ಹೊತ್ತು ಲೆಕ್ಕಪತ್ರಕ್ಕೆ. ಲೆಕ್ಕಿಗನ ಬುದ್ಧಿ ಪ್ರಯೋಗಶಾಲೆಗೂ ಅವನ ಜೊತೆಯಲ್ಲೇ ಬಂತು. ಜಮಾ ಎಷ್ಟು, ಖರ್ಚು ಎಷ್ಟು, ಎರಡೂ ತಾಳೆಯಾಗಬೇಕು. ಅವನ ಮುಖ್ಯ ಆಯುಧ ತಕ್ಕಡಿ.

ಆ ಕಾಲದಲ್ಲಿ, ಉರಿಯುವ ವಸ್ತುವಿನೊಳಗಿಂದ 'ಫ್ಲೊಜಿಸ್ಟನ್' ಎಂಬುದೊಂದು ಹೊರಗೆ ಹೋಗುತ್ತದೆ, ಅದೇ ಉರಿ, ಎಂದು ಪಂಡಿತರು ನಂಬಿದ್ದರು. ಲವಾಸಿಯೆ ಗಂಧಕವನ್ನು ಸುಟ್ಟು ತೂಗಿದ. ರಂಜಕವನ್ನು ಸುಟ್ಟು ತೂಗಿದ. ತೂಕ ಕಡಮೆಯಾಗುವುದರ ಬದಲು ಹೆಚ್ಚಾಗಿತ್ತು! 1772ರ ನವೆಂಬರ್ 1ರಂದು ಈ ಸಂಗತಿಯನ್ನು ಒಂದು ಕಾಗದದಲ್ಲಿ ಬರೆದು, ಮೊಹರು ಹಾಕಿ, ವಿಜ್ಞಾನ ಅಕಾಡೆಮಿಯ ವಶಕ್ಕೆ ಕೊಟ್ಟ. ಬೇರೆ ಯಾರಾದರೂ ತಮ್ಮದೆಂದು ಹೇಳಿಕೊಂಡಾರೆಂಬ ಭಯ. ಅದೂ ಲೆಕ್ಕಿಗನ ಬುದ್ಧಿಯೇ.

ಗಾಳಿಯಿಂದ ಏನೋ ಬಂದು ಸೇರುತ್ತಿದೆ ಎಂಬುದು ಸ್ಪಷ್ಟ. ಏನು ಅದು? ಉತ್ತರ ಇಂಗ್ಲೆಂಡಿನಿಂದ ಊಟಕ್ಕೆ ಬಂತು. 1774ರ ಆಗಸ್ಟ್ 1ರಂದು ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ ಪಾದರಸದ ಕೆಂಪು ಭಸ್ಮದ ಮೇಲೆ ದೊಡ್ಡದೊಂದು ಮಸೂರದಿಂದ ಬಿಸಿಲನ್ನು ಬಿಟ್ಟು, ಮೇಣದ ಬತ್ತಿ ಧಗಧಗನೆ ಉರಿಯುವಂಥ ಹೊಸ ಗಾಳಿಯನ್ನು ಹಿಡಿದಿದ್ದ. ಅದೇ ಅಕ್ಟೋಬರಿನಲ್ಲಿ ಪ್ಯಾರಿಸಿಗೆ ಬಂದಾಗ ಲವಾಸಿಯೆಯ ಊಟದ ಮೇಜಿನಲ್ಲಿ ಕುಳಿತು ಸಂಗತಿಯನ್ನೆಲ್ಲ ಹೇಳಿಬಿಟ್ಟ. ಸ್ವೀಡನ್ನಿನಲ್ಲಿ ಷೀಲೆ ಎಂಬ ಔಷಧಿ ತಯಾರಕ ಇದಕ್ಕೂ ಮೊದಲೇ ಆ ಗಾಳಿಯನ್ನು ಕಂಡಿದ್ದ. ಅವನ ಪುಸ್ತಕ ಅಚ್ಚಾಗಿ ಬಂದದ್ದು 1777ರಲ್ಲಿ. ಹೀಗಾಗಿ ಕಂಡವರು ಇಬ್ಬರು, ಅರ್ಥ ಮಾಡಿಕೊಂಡವನು ಮೂರನೆಯವನು. ಪ್ರೀಸ್ಟ್ಲಿಯ ಋಣವನ್ನು ಲವಾಸಿಯೆ ಒಪ್ಪಿಕೊಂಡ ರೀತಿ ಮಾತ್ರ ಉದಾರವಾದುದೇನಲ್ಲ.

ಈಗ ಹುಳಿಯ ವಿಷಯಕ್ಕೆ ಬರೋಣ. ರಂಜಕವನ್ನು ಸುಟ್ಟರೆ ಹಿಮದಂತೆ ಬೆಳ್ಳನೆಯ ಪುಡಿ; ನೀರಿಗೆ ಹಾಕಿದರೆ ಆಮ್ಲ. ಗಂಧಕವನ್ನು ಸುಟ್ಟರೆ ಮೂಗನ್ನು ಕಡಿಯುವ ಹೊಗೆ. ನೀರಿನಲ್ಲಿ ಕರಗಿದರೆ ಆಮ್ಲ. ಇದ್ದಿಲನ್ನು ಸುಟ್ಟು ಬಂದ ಗಾಳಿಯನ್ನು ನೀರಿಗೆ ಹಾಯಿಸಿದರೆ, ಇಂದು ನಾವು ಕುಡಿಯುವ ಸೋಡಾದ ಹಾಗೆ, ತುಸು ಹುಳಿ. ನೈಟ್ರಿಕ್ ಆಮ್ಲವನ್ನು 1776ರಲ್ಲಿ ಪಾದರಸದ ಸಹಾಯದಿಂದ ಬಿಡಿಸಿ ನೋಡಿದಾಗ ಅದರಲ್ಲಿಯೂ ಅದೇ ಗಾಳಿ ಸಿಕ್ಕಿತು. ಬಿಡಿಸಿ ನೋಡಿದ ಮಡಕೆಗಳಲ್ಲೆಲ್ಲ ಒಂದೇ ಕಾಳು. ಇನ್ನು ಅನುಮಾನವೇನು? ಹುಳಿಯ ಮೂಲ ಇದೇ ಎಂದು ಲವಾಸಿಯೆ ತೀರ್ಮಾನಿಸಿದ. 1779ರಲ್ಲಿ ಅಕಾಡೆಮಿಯ ಮುಂದೆ ಓದಿದ ಪ್ರಬಂಧದಲ್ಲಿ ಅದಕ್ಕೆ ಆಮ್ಲವನ್ನು ಹುಟ್ಟಿಸುವ ತತ್ತ್ವವೆಂಬ ಅರ್ಥದ ಹೆಸರನ್ನಿಟ್ಟ.

ತಪ್ಪೆನ್ನುವ ಮೊದಲು ಅವನ ಪರವಾಗಿ ಒಂದು ಮಾತು ಹೇಳಬೇಕು. ನಮ್ಮ ಅಡಿಗೆಮನೆ ಇಡೀ ಅವನ ಪಕ್ಷದಲ್ಲಿದೆ. ಹುಣಸೆಯ ಹುಳಿ, ನಿಂಬೆಯ ಹುಳಿ, ಹುಳಿಮಜ್ಜಿಗೆಯ ಹುಳಿ—ಷೀಲೆ ಇವುಗಳ ಆಮ್ಲಗಳನ್ನು ಒಂದೊಂದಾಗಿ ಬೇರ್ಪಡಿಸಿದ—ಇವೆಲ್ಲದರಲ್ಲಿಯೂ ಆಮ್ಲಜನಕವಿದೆ. ಗಂಧಕಾಮ್ಲದ ತೂಕದಲ್ಲಿ ನೂರಕ್ಕೆ 65ರಷ್ಟು ಆಮ್ಲಜನಕ. ನೈಟ್ರಿಕ್ ಆಮ್ಲದಲ್ಲಿ 76ರಷ್ಟು. ಗಂಧಕಾಮ್ಲದಲ್ಲಿ ಜಲಜನಕ ಎಷ್ಟು? ನೂರಕ್ಕೆ ಎರಡು. ತಕ್ಕಡಿಯನ್ನು ನಂಬಿದವನ ಕಣ್ಣು ದೊಡ್ಡ ಮೊತ್ತದ ಮೇಲೆ ಬೀಳುವುದು ಸಹಜ. ಅದೂ ಅಲ್ಲದೆ, ರಂಜಕದ ಬಿಳಿಯ ಪುಡಿಯೇ ಆಮ್ಲವೆಂದೂ ನೀರು ಅದನ್ನು ಕರಗಿಸುವ ಪಾತ್ರೆಯಂತೆ ಅಷ್ಟೇ ಎಂದೂ ಅವನು ತಿಳಿದ. ಹುಳಿಗೆ ಬೇಕಾದ ಜಲಜನಕ ಆ ನೀರಿನ ಜೊತೆಯಲ್ಲೇ ಸದ್ದಿಲ್ಲದೆ ಒಳಗೆ ಬರುತ್ತಿತ್ತು. ಲೆಕ್ಕದ ಪುಸ್ತಕದಲ್ಲಿ ಕಾಣದ ಜಮಾ ಅದು.

ಆದರೂ ಎಚ್ಚರಿಕೆಯ ಗಂಟೆ ಅವನ ಮನೆಯಲ್ಲಿಯೇ ಬಾರಿಸಿತು. ಅವನ ಸಿದ್ಧಾಂತದ ಪ್ರಕಾರ, ಜಲಜನಕವನ್ನು ಆಮ್ಲಜನಕದಲ್ಲಿ ಸುಟ್ಟರೂ ಒಂದು ಆಮ್ಲ ಸಿಕ್ಕಬೇಕು. ಅವನು ಹುಡುಕಿದ; ಒಂದೆರಡು ಸಲವಲ್ಲ, ಕೆಲವು ವರ್ಷ ಹುಡುಕಿದ. ಆಮ್ಲ ಸಿಕ್ಕಲಿಲ್ಲ. ಇಂಗ್ಲೆಂಡಿನಲ್ಲಿ ಕ್ಯಾವೆಂಡಿಷ್ ಅದನ್ನೇ ಸುಟ್ಟಾಗ ಸಿಕ್ಕಿದ್ದು ನೀರೆಂಬ ಸುದ್ದಿ ಬಂತು. 1783ರ ಜೂನ್ 24ರಂದು ಲವಾಸಿಯೆ ಮತ್ತು ಲಾಪ್ಲಾಸ್ ಸಾಕ್ಷಿಗಳ ಮುಂದೆ ಪ್ರಯೋಗವನ್ನು ಮಾಡಿ ತೋರಿಸಿದರು. ಬಂದದ್ದು ಸಪ್ಪೆ ನೀರು! ನೀರು ಮೂಲವಸ್ತುವಲ್ಲ, ಎರಡು ಗಾಳಿಗಳ ಕೂಡಿಕೆ ಎಂಬುದು ಲೋಕವನ್ನೇ ಬೆರಗುಗೊಳಿಸಿದ ವಾರ್ತೆ. ಆ ಸಂಭ್ರಮದಲ್ಲಿ, ಎಂಟು ಪಾಲು ಆಮ್ಲಜನಕಕ್ಕೆ ಒಂದು ಪಾಲು ಜಲಜನಕವಿರುವ ಪದಾರ್ಥ ಏಕೆ ಹುಳಿಯಾಗಿಲ್ಲ ಎಂಬ ಪ್ರಶ್ನೆಯನ್ನು ಬದಿಗೆ ಸರಿಸುವುದು ಸುಲಭವಾಯಿತು. ಆಮ್ಲವಾಗುವಷ್ಟು ಆಮ್ಲಜನಕ ಸೇರಿದರೆ ಆಮ್ಲ, ಅಷ್ಟು ಸೇರದಿದ್ದರೆ ಬರಿಯ ಆಕ್ಸೈಡು ಎಂದು ಸಮಾಧಾನ ಹೇಳಿಕೊಂಡರಾಯಿತು. ಬೆಂಚಿನ ಮೇಲೆ ನಿಲ್ಲಿಸುವುದಕ್ಕೆ ವಿದ್ವಾಂಸರು ಉಪಯೋಗಿಸುವ ವಿಧಾನ ಇದು.

1787ರಲ್ಲಿ ಲವಾಸಿಯೆ, ಗೀತೊ ದ ಮೊರ್ವೊ, ಬರ್ತೊಲೆ, ಫೂರ್ಕ್ರ್ವಾ ಈ ನಾಲ್ವರು ಕೂಡಿ ರಸಾಯನಶಾಸ್ತ್ರದ ಹೆಸರುಗಳನ್ನೆಲ್ಲ ಹೊಸದಾಗಿ ಕಟ್ಟಿದರು. ಅಲ್ಲಿಯವರೆಗೆ ಗಂಧಕಾಮ್ಲಕ್ಕೆ 'ವಿಟ್ರಿಯಲ್ ಎಣ್ಣೆ' ಎಂಬಂಥ ರಸವಾದಿಗಳ ಹೆಸರುಗಳು. ಇನ್ನು ಮುಂದೆ ಹೆಸರೇ ಘಟಕಗಳನ್ನು ಹೇಳಬೇಕು. ಆಮ್ಲಜನಕ ಕಡಮೆಯಿದ್ದರೆ ಸಲ್ಫ್ಯೂರಸ್, ಹೆಚ್ಚಿದ್ದರೆ ಸಲ್ಫ್ಯೂರಿಕ್. ಅದ್ಭುತವಾದ ಕೆಲಸ. ನಾವು ಇಂದೂ ಬಳಸುತ್ತಿರುವುದು ಆ ನಾಲ್ವರ ವ್ಯಾಕರಣವನ್ನೇ. ಆದರೆ ಸಿದ್ಧಾಂತವನ್ನು ಹೆಸರಿನೊಳಗೆ ಕೂರಿಸಿದ ಮೇಲೆ, ಸಿದ್ಧಾಂತವನ್ನು ಪ್ರಶ್ನಿಸಬೇಕಾದರೆ ಭಾಷೆಯೊಡನೆಯೇ ಜಗಳವಾಡಬೇಕಾಗುತ್ತದೆ.

ಆ ಜಗಳಕ್ಕೆ ಕಾರಣವಾದದ್ದು, ನಾನು ಪತ್ರಿಕೆಯಲ್ಲಿ ಸುತ್ತಿಸಿ ತಂದ ಆ ಬಾಟಲಿಯ ಪದಾರ್ಥವೇ. ಉಪ್ಪಿನಿಂದ ತೆಗೆದದ್ದಾದ್ದರಿಂದ ಅದನ್ನು ಆಗ 'ಮ್ಯೂರಿಯಾಟಿಕ್ ಆಮ್ಲ' ಎನ್ನುತ್ತಿದ್ದರು. ಲ್ಯಾಟಿನ್ನಿನಲ್ಲಿ 'ಮ್ಯೂರಿಯ' ಎಂದರೆ ಉಪ್ಪುನೀರು. ಅದನ್ನು ಯಾರೂ ಒಡೆದು ಆಮ್ಲಜನಕ ತೆಗೆದಿರಲಿಲ್ಲ. 1789ರಲ್ಲಿ ಪ್ರಕಟವಾದ ತನ್ನ ದೊಡ್ಡ ಗ್ರಂಥದಲ್ಲಿ—ಅದರ ಚಿತ್ರಫಲಕಗಳನ್ನು ಬರೆದವಳು ಅವನ ಹೆಂಡತಿ ಮರಿ ಆನ್—ಲವಾಸಿಯೆ ಇದನ್ನು ಮುಚ್ಚಿಡಲಿಲ್ಲ. ಇನ್ನೂ ಒಡೆಯಲಾಗಿಲ್ಲ ಎಂದು ಒಪ್ಪಿದ. ಆದರೂ ಇದರಲ್ಲಿ ಆಮ್ಲಜನಕವಿರುವುದರಲ್ಲಿ ಸಂದೇಹವಿಲ್ಲ ಎಂದ. ಮೂಲವಸ್ತುಗಳ ಪಟ್ಟಿಯಲ್ಲಿ, ಕಣ್ಣಿಗೆ ಬೀಳದಿದ್ದ 'ಮ್ಯೂರಿಯಾಟಿಕ್ ಮೂಲ' ಎಂಬುದಕ್ಕೊಂದು ಸ್ಥಾನವನ್ನೂ ಕೊಟ್ಟುಬಿಟ್ಟ. ಹುಟ್ಟದ ಮಗುವಿಗೆ ತೊಟ್ಟಿಲು.

ಆ ಆಮ್ಲವನ್ನು ಮ್ಯಾಂಗನೀಸಿನ ಕಪ್ಪು ಅದುರಿನ ಜೊತೆ ಕಾಯಿಸಿದರೆ ಹಳದಿ ಬೆರೆತ ಹಸುರು ಬಣ್ಣದ, ಉಸಿರು ಕಟ್ಟಿಸುವ ಗಾಳಿಯೊಂದು ಬರುತ್ತದೆ. 1774ರಲ್ಲಿ ಇದನ್ನು ಮೊದಲು ಮಾಡಿದವನೂ ಆ ಷೀಲೆಯೇ. ಅದುರಿನಲ್ಲಿ ಆಮ್ಲಜನಕವಿದೆ, ಆದ್ದರಿಂದ ಅದು ಆಮ್ಲಕ್ಕೆ ಸೇರಿ ಈ ಗಾಳಿಯಾಗಿದೆ ಎಂದು ಬರ್ತೊಲೆ 1785ರಲ್ಲಿ ವಾದಿಸಿದ. ಅವನಿಗೆ ಪ್ರತ್ಯಕ್ಷ ಸಾಕ್ಷಿಯೂ ಇತ್ತು. ಆ ಗಾಳಿಯನ್ನು ನೀರಿನಲ್ಲಿ ಕರಗಿಸಿ ಬಿಸಿಲಿನಲ್ಲಿಟ್ಟರೆ ಆಮ್ಲಜನಕದ ಗುಳ್ಳೆಗಳು ಏಳುತ್ತವೆ, ಉಳಿಯುವುದು ಮ್ಯೂರಿಯಾಟಿಕ್ ಆಮ್ಲ. ಇನ್ನೇನು ಬೇಕು? ಅದಕ್ಕೆ 'ಆಕ್ಸಿಮ್ಯೂರಿಯಾಟಿಕ್ ಆಮ್ಲ' ಎಂದು ಹೆಸರಾಯಿತು. ಗುಳ್ಳೆಗಳು ಗಾಳಿಯಿಂದಲ್ಲ, ನೀರಿನಿಂದ ಬಂದವು ಎಂಬುದು ಯಾರಿಗೂ ಹೊಳೆಯಲಿಲ್ಲ. ಮತ್ತೆ ಆ ನೀರೇ!

ಹಾಗೆಂದು ಬರ್ತೊಲೆ ಕುರುಡನಲ್ಲ. ವಿಷಕ್ಕೆ ಹೆಸರಾದ ಪ್ರಸಿಕ್ ಆಮ್ಲದಲ್ಲಿ ಇಂಗಾಲ, ಸಾರಜನಕ, ಜಲಜನಕ ಇವು ಮೂರೇ ಇವೆಯೆಂದು 1787ರಲ್ಲಿಯೇ ತೋರಿಸಿದವನು ಅವನು. ಅದು ತೀರ ದುರ್ಬಲವಾದ ಆಮ್ಲ, ಲೆಕ್ಕಕ್ಕಿಲ್ಲ ಎಂದು ಲೋಕ ಸುಮ್ಮನಾಯಿತು.

ಲವಾಸಿಯೆ ಇದರ ಕೊನೆಯನ್ನು ನೋಡಲಿಲ್ಲ. ಕ್ರಾಂತಿ ಬಂತು. ತೆರಿಗೆ ಗುತ್ತಿಗೆದಾರರನ್ನೆಲ್ಲ ಹಿಡಿದರು. 1794ರ ಮೇ 8ರಂದು ಬೆಳಗ್ಗೆ ವಿಚಾರಣೆ, ಅಂದೇ ಗಿಲೊಟಿನ್. ಅವನ ಮಾವನ ತಲೆಯೂ ಅದೇ ದಿನ ಅಲ್ಲಿಯೇ ಬಿತ್ತು. ಗಣರಾಜ್ಯಕ್ಕೆ ಪಂಡಿತರು ಬೇಕಾಗಿಲ್ಲವೆಂದು ನ್ಯಾಯಾಧೀಶ ಹೇಳಿದನೆಂಬ ಪ್ರಸಿದ್ಧ ಮಾತನ್ನು ಚರಿತ್ರಕಾರರು ಕಟ್ಟುಕಥೆ ಎನ್ನುತ್ತಾರೆ. ಕೊಂದದ್ದು ಕಟ್ಟುಕಥೆಯಲ್ಲ. ಅವನಿಗೆ ಆಗ ಐವತ್ತು ವರ್ಷ. ಇನ್ನು ಇಪ್ಪತ್ತು ವರ್ಷ ಬದುಕಿದ್ದರೆ, ತನ್ನ ತಕ್ಕಡಿಯಿಂದ ತನ್ನ ತಪ್ಪನ್ನು ತಾನೇ ತೂಗುತ್ತಿದ್ದನೇನೋ ಎಂದು ನನಗೆ ಆಗಾಗ ಅನ್ನಿಸುತ್ತದೆ. ಫ್ಲೊಜಿಸ್ಟನ್ನನ್ನು ಬೀಳಿಸಿದವನಿಗೆ ಅದು ಆಗದ ಕೆಲಸವೇನಲ್ಲ.

ಆ ಕೆಲಸ ಹಂಫ್ರಿ ಡೇವಿಯ ಪಾಲಿಗೆ ಬಂತು. ಇಂಗ್ಲೆಂಡಿನ ಮೂಲೆಯ ಪೆನ್‌ಜಾನ್ಸ್ ಊರಿನಲ್ಲಿ ವೈದ್ಯನೊಬ್ಬನ ಬಳಿ ಕೈಕೆಲಸಕ್ಕಿದ್ದ ಹುಡುಗ, ಲವಾಸಿಯೆಯ ಪುಸ್ತಕವನ್ನೇ ಓದಿ ರಸಾಯನಶಾಸ್ತ್ರ ಕಲಿತವನು. 1807ರಲ್ಲಿ ಅವನು ವಿದ್ಯುತ್ತಿನಿಂದ ಪೊಟ್ಯಾಷನ್ನು ಒಡೆದು ಪೊಟ್ಯಾಸಿಯಮ್ ಎಂಬ ಹೊಸ ಲೋಹವನ್ನು ತೆಗೆದ. ಅದರಲ್ಲೊಂದು ಕೀಟಲೆಯೂ ಅಡಗಿತ್ತು. ಪೊಟ್ಯಾಷು ಹುಳಿಗೆ ಶತ್ರುವಾದ ಕ್ಷಾರ; ಅದರೊಳಗೆ ಲೋಹದ ಜೊತೆಗಿದ್ದದ್ದು ಆಮ್ಲಜನಕ! ಹಾಗಾದರೆ ಇದನ್ನು ಕ್ಷಾರಜನಕ ಎಂದೇಕೆ ಕರೆಯಬಾರದು?

ಮುಂದೆ ಅವನು ಆ ಹಸುರು ಗಾಳಿಯನ್ನು ಹಿಡಿದುಕೊಂಡ. ಒಣಗಿಸಿದ ಗಾಳಿಯಲ್ಲಿ ಇದ್ದಿಲನ್ನು ಬ್ಯಾಟರಿಯಿಂದ ಬೆಳ್ಳಗಾಗುವಷ್ಟು ಕಾಯಿಸಿದ. ಆಮ್ಲಜನಕ ಎಲ್ಲಿ ಅವಿತಿದ್ದರೂ ಕೆಂಡವಾದ ಇದ್ದಿಲು ಅದನ್ನು ಬಿಡುವುದಿಲ್ಲ, ಎಳೆದುಕೊಂಡು ಅಂಗಾರವಾಯುವಾಗುತ್ತದೆ. ಇಲ್ಲಿ ಏನೂ ಆಗಲಿಲ್ಲ. ತವರವನ್ನು ಹಾಕಿದ, ರಂಜಕವನ್ನು ಹಾಕಿದ, ಆಮ್ಲಜನಕದ ಸುಳಿವಿಲ್ಲ. ಪ್ಯಾರಿಸಿನಲ್ಲಿ ಗೇ-ಲುಸಾಕ್ ಮತ್ತು ತೆನಾರ್ ಇಂಥವೇ ಪ್ರಯೋಗಗಳನ್ನು 1809ರಲ್ಲಿ ಮಾಡಿದ್ದರು. ಈ ಗಾಳಿಯನ್ನು ಒಂದು ಮೂಲವಸ್ತುವೆಂದು ಭಾವಿಸಿದರೂ ಎಲ್ಲವೂ ಹೊಂದುತ್ತದೆ ಎಂದು ಬರೆದೂ ಇದ್ದರು. ಆದರೆ ಹಾಗೆ ಭಾವಿಸದಿರುವುದೇ ಲೇಸೆಂದು ನಿಂತುಬಿಟ್ಟರು. ಬಾಗಿಲನ್ನು ತೆರೆದು, ಒಳಗೆ ನೋಡಿ, ಮತ್ತೆ ಎಳೆದುಕೊಂಡರು. ಅವರಿಗೆ ಹಿರಿಯನಾಗಿ ಬರ್ತೊಲೆ ಇದ್ದನಷ್ಟೆ. ಹಿರಿಯರ ಮಾತನ್ನು ಮೀರಲಾರದ ಸಂಕಟವನ್ನು ನಮ್ಮ ವಾಚಕರಿಗೆ ನಾನು ವಿವರಿಸಬೇಕಾಗಿಲ್ಲ.

1810ರ ಜುಲೈ 12ರಂದು ಡೇವಿ ರಾಯಲ್ ಸೊಸೈಟಿಯ ಮುಂದೆ ನೇರವಾಗಿ ಹೇಳಿದ. ಈ ಹಸುರು ಗಾಳಿಯಲ್ಲಿ ಆಮ್ಲಜನಕವಿದೆಯೆನ್ನುವುದಕ್ಕೆ ಆಧಾರವಿಲ್ಲ. ಅದನ್ನು ಮೂಲವಸ್ತುವೆಂದೇ ಎಣಿಸಬೇಕು. ಅದು ಜಲಜನಕದೊಡನೆ ಕೂಡಿದ್ದೇ ಮ್ಯೂರಿಯಾಟಿಕ್ ಆಮ್ಲ. ಅದೇ ವರ್ಷ ಹೊಸ ಹೆಸರಿಡುವಾಗ ಅವನು ತೋರಿಸಿದ ಜಾಣತನವನ್ನು ನೋಡಿ. ಸಿದ್ಧಾಂತದ ಗೊಡವೆಗೇ ಹೋಗದೆ, ಕಣ್ಣಿಗೆ ಕಾಣುವ ಬಣ್ಣವನ್ನು ಹಿಡಿದ. ಗ್ರೀಕಿನ 'ಕ್ಲೋರೋಸ್' ಎಂದರೆ ಹಳದಿಹಸುರು, ಅದರಿಂದ ಕ್ಲೋರಿನ್. ನಾಳೆ ಯಾರಾದರೂ ಇದನ್ನು ಒಡೆದು ತೋರಿಸಿದರೂ ಹೆಸರು ಸುಳ್ಳಾಗುವುದಿಲ್ಲ, ಬಣ್ಣ ಎಲ್ಲಿಗೆ ಹೋಗುತ್ತದೆ?

ಎಲ್ಲರೂ ಕೂಡಲೆ ಒಪ್ಪಲಿಲ್ಲ. ಸಮುದ್ರದ ಕಳೆಯ ಬೂದಿಯಿಂದ ಬಂದ ಅಯೊಡಿನ್ನೂ ಜಲಜನಕದೊಡನೆ ಸೇರಿ ಆಮ್ಲವಾಗುವುದನ್ನು ನೋಡಿದ ಮೇಲೆ ಗೇ-ಲುಸಾಕ್ ಮಣಿದ. 1815ರಲ್ಲಿ ಪ್ರಸಿಕ್ ಆಮ್ಲದ ಲೆಕ್ಕವನ್ನೂ ಅವನೇ ಪೂರ್ತಿ ಮಾಡಿದ. ಸ್ವೀಡನ್ನಿನ ಬರ್ಜೀಲಿಯಸ್ ಮಾತ್ರ ಸುಮಾರು ಹತ್ತು ವರ್ಷ ಹಟ ಹಿಡಿದಿದ್ದ. ಅವನ ಅಡಿಗೆಯವಳು ಆನ ಪ್ರಯೋಗದ ಪಾತ್ರೆಗಳನ್ನೂ ತೊಳೆಯುತ್ತಿದ್ದಳು. ಒಂದು ದಿನ ಅವಳು ಪಾತ್ರೆಯಲ್ಲಿ ಆಕ್ಸಿಮ್ಯೂರಿಯಾಟಿಕ್ ಆಮ್ಲದ ವಾಸನೆ ಎಂದಾಗ, ಇನ್ನು ಮೇಲೆ ಅದನ್ನು ಕ್ಲೋರಿನ್ ಎನ್ನು, ಅದೇ ಒಳ್ಳೆಯದು ಎಂದನಂತೆ. ಯುರೋಪಿನ ದೊಡ್ಡ ಪಂಡಿತನೊಬ್ಬ ಸೋಲನ್ನು ಒಪ್ಪಿಕೊಂಡದ್ದು ಅಡಿಗೆಮನೆಯಲ್ಲಿ ಎಂಬ ಈ ಕಥೆ ನನಗೆ ಬಹಳ ಹಿಡಿಸುತ್ತದೆ.

1824ರಲ್ಲಿ ವಿಲಿಯಂ ಪ್ರೌಟ್ ಎಂಬ ವೈದ್ಯ, ಜಠರದಲ್ಲಿ ಅನ್ನವನ್ನು ಅರಗಿಸುವ ಹುಳಿಯೂ ಈ ಮ್ಯೂರಿಯಾಟಿಕ್ ಆಮ್ಲವೇ ಎಂದು ಪ್ರಕಟಿಸಿದ. ಅಡಿಗೆಮನೆ ಲವಾಸಿಯೆಯ ಪಕ್ಷವೆಂದೆನಲ್ಲ. ಹೊಟ್ಟೆ ಡೇವಿಯ ಪಕ್ಷವಾಯಿತು.

ಹಾಗಾದರೆ ಹುಳಿಯ ಮೂಲ ಯಾವುದು? ಲೋಹ ಬಂದು ಸ್ಥಳಾಂತರಿಸಬಲ್ಲ ಜಲಜನಕವೇ ಆಮ್ಲದ ಗುರುತೆಂದು ಲೀಬಿಗ್ 1838ರಲ್ಲಿ ಹೇಳಿದ. ನೀರಿನಲ್ಲಿ ಆ ಜಲಜನಕ ವಿದ್ಯುದಂಶ ಹೊತ್ತ ಕಣವಾಗಿ ಬೇರ್ಪಡುತ್ತದೆಂದು ಅರೀನಿಯಸ್ 1884ರ ತನ್ನ ಪ್ರಬಂಧದಿಂದ ಮೊದಲುಮಾಡಿ ಸ್ಥಾಪಿಸಿದ. ಆ ಪ್ರಬಂಧಕ್ಕೆ ಅವನ ವಿಶ್ವವಿದ್ಯಾನಿಲಯ ಕೆಳದರ್ಜೆಯನ್ನು ಕೊಟ್ಟಿತು; 1903ರಲ್ಲಿ ನೊಬೆಲ್ ಪಾರಿತೋಷಕ ಬಂತು. 1923ರಲ್ಲಿ ಬ್ರಾನ್‌ಸ್ಟೆಡ್ ಮತ್ತು ಲೌರಿ, ಪ್ರೋಟಾನನ್ನು ದಾನ ಮಾಡಬಲ್ಲದ್ದೆಲ್ಲ ಆಮ್ಲವೆಂದರು. ಹೆಸರಿಗೆ ಅರ್ಥವಿರಬೇಕಾದರೆ ಜಲಜನಕಕ್ಕೆ ಆಮ್ಲಜನಕವೆಂದು ಹೆಸರಿಡಬೇಕಿತ್ತು!

ಆದರೆ ಲವಾಸಿಯೆಯನ್ನು ಪೂರ್ತಿ ಸೋಲಿಸಿದಂತೆಯೂ ಆಗಲಿಲ್ಲ. ಗಂಧಕಾಮ್ಲದಲ್ಲಿ ಜಲಜನಕ ಅಂಟಿಕೊಂಡಿರುವುದು ಆಮ್ಲಜನಕಕ್ಕೆ. ಆಮ್ಲಜನಕ ಎಲೆಕ್ಟ್ರಾನುಗಳನ್ನು ತನ್ನ ಕಡೆಗೆ ಎಳೆದುಕೊಳ್ಳುವುದರಿಂದಲೇ ಜಲಜನಕದ ಹಿಡಿತ ಸಡಿಲವಾಗಿ ಅದು ಸುಲಭವಾಗಿ ಕಳಚಿಕೊಳ್ಳುತ್ತದೆ. ಗಂಧಕಕ್ಕೆ ಹೆಚ್ಚು ಆಮ್ಲಜನಕ ಸೇರಿದಷ್ಟೂ ಆಮ್ಲ ಹೆಚ್ಚು ತೀಕ್ಷ್ಣ. ಸಲ್ಫ್ಯೂರಸಿಗಿಂತ ಸಲ್ಫ್ಯೂರಿಕ್ ಬಲಶಾಲಿ. ಇದನ್ನು ಅವನು ಕಂಡದ್ದು ಸರಿಯಾಗಿಯೇ ಇತ್ತು. ಹುಳಿಯನ್ನು ಹೆತ್ತದ್ದು ಆಮ್ಲಜನಕವಲ್ಲ. ಬಹಳ ಹೆರಿಗೆಗಳಲ್ಲಿ ಸೂಲಗಿತ್ತಿ ಅದು.

ಕನ್ನಡದ ಪದವನ್ನು ಬದಲಾಯಿಸಬೇಕೆಂದು ವಾದಿಸುವ ಮಿತ್ರರಿದ್ದಾರೆ. 'ಪ್ರಾಣವಾಯು' ಎನ್ನಬೇಕೆಂದು ಕೆಲವರು. ಆಕ್ಸಿಜನ್ ಎಂದೇ ಇರಲಿ, ಗ್ರೀಕಿನ ತಪ್ಪು ನಮಗೆ ಕಾಣುವುದಿಲ್ಲವಲ್ಲ ಎಂದು ಕೆಲವರು. ನನಗೆ ಎರಡೂ ಬೇಡ. 2021ರ ಬೇಸಿಗೆಯಲ್ಲಿ ಪತ್ರಿಕೆಗಳ ಮೊದಲ ಪುಟದಲ್ಲಿ ಆ ಪದ ದಿನದಿನವೂ ಬಂತು. ಓದಿದವರಲ್ಲಿ ಯಾರೂ ಅದರೊಳಗಿನ ಹುಳಿಯನ್ನು ನೆನೆಯಲಿಲ್ಲ, ಉಸಿರನ್ನು ನೆನೆದರು. ಪದ ತನ್ನ ಹಳೆಯ ಅರ್ಥವನ್ನು ಕಳಚಿಕೊಂಡು ಎಷ್ಟೋ ದಿನವಾಗಿದೆ. ಬದಲಾಯಿಸಬೇಕಾದದ್ದು ನಾನು ಬರೆಸುತ್ತಿದ್ದ ವಾಕ್ಯ. "ಆಮ್ಲಗಳನ್ನು ಉಂಟುಮಾಡುತ್ತದೆಂದು ಲವಾಸಿಯೆ ತಪ್ಪಾಗಿ ತಿಳಿದದ್ದರಿಂದ ಇದಕ್ಕೆ ಆಮ್ಲಜನಕ ಎಂದು ಹೆಸರು." ಮೂರು ನಾಲ್ಕು ಮಾತು ಹೆಚ್ಚು, ಅಷ್ಟೆ. ಇಪ್ಪತ್ತೆಂಟು ವರ್ಷಗಳ ನೋಟ್ಸ್ ಪುಸ್ತಕಗಳಲ್ಲಿ ಆ ಮೂರು ನಾಲ್ಕು ಮಾತುಗಳಿಲ್ಲ.

ಬಾಟಲಿಯ ಆಸಿಡ್ ಹಬ್ಬಕ್ಕೇ ಮುಗಿಯಿತು. ಯುಗಾದಿಗೆ ಮತ್ತೊಂದು ಬೇಕಾಗುತ್ತದೆ. ಈ ವಾರದ ಪುರವಣಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಹೋಗಬೇಕೆಂದಿದ್ದೇನೆ. ಬಾಟಲಿ ಸುತ್ತುವುದಕ್ಕೆ ಅವನು ಇದನ್ನೇ ಉಪಯೋಗಿಸಿಬಿಡದಿದ್ದರೆ ಸರಿ.